ಓದುಗರ ಪ್ರಶ್ನೆಗಳಿಗೆ ಉತ್ತರ: ಒಂದೇ ತೊಟ್ಟಿಯ ಮೀನುಗಳು, ಬೇರೆ ಬೇರೆ ಸ್ವಭಾವ

ಔಷಧಗಳ ಪರೀಕ್ಷೆಯಲ್ಲಿ ಜೀಬ್ರಾ ಮೀನುಗಳ (ಮೈಮೇಲೆ ಪಟ್ಟೆಗಳುಳ್ಳ ಪುಟ್ಟ ಸಿಹಿನೀರಿನ ಮೀನುಗಳ) ಬಳಕೆಯ ಕುರಿತು ಹಿಂದಿನ ಸಂಚಿಕೆಯಲ್ಲಿ ಬರೆದಾಗ, ‘ಒಂದೇ ಔಷಧವನ್ನು ಒಂದೇ ಪ್ರಮಾಣದಲ್ಲಿ ಕೊಟ್ಟರೂ ಎಲ್ಲ ಮೀನುಗಳೂ ಒಂದೇ ರೀತಿ ಸ್ಪಂದಿಸುವುದಿಲ್ಲ’ ಎಂಬ ಒಂದು ವಾಕ್ಯವನ್ನು ಹೆಚ್ಚಿನ ವಿವರಣೆಯಿಲ್ಲದೆ ಬಿಟ್ಟಿದ್ದೆ. ಬಂದ ಪತ್ರಗಳಲ್ಲಿ ಬಹುಪಾಲು ಆ ವಾಕ್ಯವನ್ನೇ ಹಿಡಿದು ಪ್ರಶ್ನಿಸಿವೆ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ, ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇನೆ.

ಪ್ರಶ್ನೆ: ನಾನು ಪ್ರಾಣಿಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಒಂದೇ ತಳಿಯ, ಒಂದೇ ದಿನ ಹುಟ್ಟಿದ, ಒಂದೇ ತೊಟ್ಟಿಯಲ್ಲಿ ಬೆಳೆದ ಜೀಬ್ರಾ ಮೀನುಗಳನ್ನು ಒಂದೊಂದಾಗಿ ಹೊಸ ತೊಟ್ಟಿಗೆ ಬಿಟ್ಟಾಗ ಕೆಲವು ಮೀನುಗಳು ಪರೀಕ್ಷೆಯ ಆರೂ ನಿಮಿಷ ತಳದಲ್ಲೇ ಉಳಿದವು, ಕೆಲವು ಒಂದೇ ನಿಮಿಷದಲ್ಲಿ ಮೇಲೆ ಬಂದು ಓಡಾಡತೊಡಗಿದವು. ಔಷಧವನ್ನು ಇನ್ನೂ ಕೊಟ್ಟೇ ಇರಲಿಲ್ಲ. ಇದು ನನ್ನ ಪ್ರಯೋಗದ ದೋಷವೇ, ಅಥವಾ ಮೀನುಗಳೇ ಹಾಗೆಯೇ?

ಉತ್ತರ: ಎರಡೂ ಇರಬಹುದು. ಒಂದರಿಂದ ಇನ್ನೊಂದನ್ನು ಬೇರ್ಪಡಿಸುವುದೇ ಈ ಕ್ಷೇತ್ರದ ಅತ್ಯಂತ ಕಷ್ಟದ ಕೆಲಸವಾದ್ದರಿಂದ ನಿಮ್ಮ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ನೀವು ಮಾಡಿರುವುದು ‘ಹೊಸ ತೊಟ್ಟಿಯ ಪರೀಕ್ಷೆ’. ಅಪರಿಚಿತ ಜಾಗಕ್ಕೆ ಬಂದ ಜೀಬ್ರಾ ಮೀನು ಮೊದಲು ತಳಕ್ಕೆ ಇಳಿಯುತ್ತದೆ, ಅಪಾಯವಿಲ್ಲವೆಂದು ತೋರಿದಂತೆ ನಿಧಾನವಾಗಿ ಮೇಲಕ್ಕೆ ಬರುತ್ತದೆ. ಮೇಲಿನ ಭಾಗಕ್ಕೆ ಮೊದಲ ಬಾರಿ ಬರಲು ಹಿಡಿದ ಸಮಯ, ಅಲ್ಲಿ ಕಳೆದ ಒಟ್ಟು ಸಮಯ, ನಡುವೆ ಅಲುಗದೆ ನಿಂತ ಅವಧಿ, ಇವುಗಳನ್ನು ಆತಂಕದ ಅಳತೆಗೋಲುಗಳಾಗಿ ಬಳಸುತ್ತಾರೆ. ಡಯಜೆಪಾಮ್, ಬಸ್ಪಿರೋನ್‌ನಂತಹ ಆತಂಕ ತಗ್ಗಿಸುವ ಔಷಧಗಳು ಮೀನನ್ನು ಬೇಗ ಮೇಲಕ್ಕೆ ತರುತ್ತವೆ; ಕೆಫೀನ್ ಹೆಚ್ಚಾದರೆ ಮೀನು ಇನ್ನಷ್ಟು ಹೊತ್ತು ತಳಕ್ಕೆ ಅಂಟಿಕೊಳ್ಳುತ್ತದೆ. ಇಲಿಯಲ್ಲಿ ಒತ್ತಡದ ಮುಖ್ಯ ಹಾರ್ಮೋನು ಕಾರ್ಟಿಕೋಸ್ಟೆರಾನ್ ಆದರೆ ಮೀನಿನಲ್ಲಿ ಅದು ಮನುಷ್ಯರಲ್ಲಿರುವಂತೆ ಕಾರ್ಟಿಸಾಲ್. ಈ ಪರೀಕ್ಷೆಗೆ ಮಹತ್ವ ಬಂದಿರುವುದಕ್ಕೆ ಅದೂ ಒಂದು ಕಾರಣ.

ಈಗ ‘ಒಂದೇ ತಳಿ’ ಎಂಬ ಮಾತನ್ನು ನೋಡೋಣ. ಇಲಿಗಳಲ್ಲಿ ಇಪ್ಪತ್ತು ತಲೆಮಾರುಗಳಿಗಿಂತ ಹೆಚ್ಚು ಕಾಲ ಅಣ್ಣತಂಗಿಯರನ್ನೇ ಕೂಡಿಸಿ ಪಡೆದ ತಳಿಗಳಿವೆ; ಅಂತಹ ತಳಿಯ ಎರಡು ಇಲಿಗಳು ವಂಶವಾಹಿಗಳ ಮಟ್ಟದಲ್ಲಿ ಹೆಚ್ಚುಕಡಿಮೆ ಅವಳಿಗಳೇ. ಜೀಬ್ರಾ ಮೀನಿನ ತಳಿಗಳು ಹಾಗಲ್ಲ. ಬಹಳವಾಗಿ ಬಳಕೆಯಲ್ಲಿರುವ ಎಬಿ ತಳಿಯ ಮೂಲ ಅಮೆರಿಕದ ಓರೆಗಾನ್‌ನಲ್ಲಿ ಸಾಕುಮೀನಿನ ಅಂಗಡಿಯಿಂದ ತಂದ ಎರಡು ಗುಂಪುಗಳು. ಒಳಸಂತಾನ ಹೆಚ್ಚಿದರೆ ಈ ಮೀನುಗಳಲ್ಲಿ ಮೊಟ್ಟೆಯ ಸಂಖ್ಯೆ ಕುಗ್ಗುತ್ತದೆ, ಮರಿಗಳು ದುರ್ಬಲವಾಗುತ್ತವೆ. ಆದ್ದರಿಂದ ಪ್ರಯೋಗಾಲಯಗಳು ಬೇಕೆಂದೇ ಅನೇಕ ಜೋಡಿಗಳಿಂದ ಮುಂದಿನ ತಲೆಮಾರನ್ನು ಪಡೆಯುತ್ತವೆ. ಹಾಗಾಗಿ ತೊಟ್ಟಿಯ ಚೀಟಿಯ ಮೇಲೆ ಒಂದೇ ಹೆಸರಿದ್ದರೂ ಒಳಗಿನ ಮೀನುಗಳ ನಡುವೆ ವಂಶವಾಹಿಗಳ ವ್ಯತ್ಯಾಸ ಸಾಕಷ್ಟಿರುತ್ತದೆ. ಹೆಣ್ಣು ಗಂಡೆಂಬುದು ಕೂಡ ಇಲ್ಲಿ ಸರಳವಲ್ಲ. ಕಾಡು ಜೀಬ್ರಾ ಮೀನುಗಳಲ್ಲಿ ಲಿಂಗವನ್ನು ನಿರ್ಧರಿಸುವ ವರ್ಣತಂತುವಿನ ಭಾಗವಿದೆ, ಆದರೆ ಎಬಿಯಂತಹ ಪ್ರಯೋಗಾಲಯದ ತಳಿಗಳಲ್ಲಿ ಆ ವ್ಯವಸ್ಥೆ ಕಳೆದುಹೋಗಿದೆ. ಬೆಳೆಯುವಾಗಿನ ದಟ್ಟಣೆ, ತಾಪಮಾನಗಳೂ ಲಿಂಗದ ಅನುಪಾತವನ್ನು ಬದಲಿಸಬಲ್ಲವು. ಎಳೆಯ ಮೀನನ್ನು ನೋಡಿ ಹೆಣ್ಣೋ ಗಂಡೋ ಎಂದು ಹೇಳಲು ಆಗುವುದಿಲ್ಲವಾದ್ದರಿಂದ ಈ ವ್ಯತ್ಯಾಸ ಅರಿವಿಗೆ ಬಾರದಂತೆ ಪ್ರಯೋಗದೊಳಗೆ ಸೇರಿಕೊಂಡಿರುತ್ತದೆ.

ಹಾಗಾದರೆ ವಂಶವಾಹಿಗಳೆಲ್ಲ ಒಂದೇ ಆಗಿದ್ದರೆ ಸ್ವಭಾವವೂ ಒಂದೇ ಆಗುತ್ತಿತ್ತೇ? ಇದಕ್ಕೆ ಉತ್ತರ ಕೊಟ್ಟಿರುವುದು ಅಮೆಜಾನ್ ಮಾಲಿ ಎಂಬ ಬೇರೊಂದು ಮೀನು. ಅಮೆಜಾನ್ ನದಿಗೂ ಅದಕ್ಕೂ ಸಂಬಂಧವಿಲ್ಲ. ಅದರ ನೆಲೆ ಟೆಕ್ಸಸ್ ಮತ್ತು ಈಶಾನ್ಯ ಮೆಕ್ಸಿಕೊ. ಈ ಜಾತಿಯಲ್ಲಿ ಇರುವುದೆಲ್ಲ ಹೆಣ್ಣುಗಳೇ ಆದ್ದರಿಂದ ಗ್ರೀಕ್ ಪುರಾಣದ ವೀರವನಿತೆಯರ ಹೆಸರು ಅದಕ್ಕೆ ಬಂದಿದೆ. ಹತ್ತಿರದ ಸಂಬಂಧಿ ಜಾತಿಯ ಗಂಡಿನ ವೀರ್ಯ ಮೊಟ್ಟೆಯ ಬೆಳವಣಿಗೆಗೆ ಚಾಲನೆ ಕೊಡುತ್ತದೆಯಷ್ಟೆ, ತಂದೆಯ ವಂಶವಾಹಿಗಳು ಮರಿಗೆ ಸೇರುವುದಿಲ್ಲ. ಮರಿಗಳೆಲ್ಲ ತಾಯಿಯ ಪ್ರತಿರೂಪಗಳು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬರ್ಲಿನ್‌ನ ಸಂಶೋಧಕರು ಇಂತಹ ಮರಿಗಳನ್ನು ಹುಟ್ಟಿದ ಕೂಡಲೇ ಬೇರ್ಪಡಿಸಿ, ಆದಷ್ಟೂ ಒಂದೇ ಬಗೆಯ ತೊಟ್ಟಿ, ಬೆಳಕು, ಆಹಾರಗಳಲ್ಲಿ ಬೆಳೆಸಿ ಗಮನಿಸಿದರು. ಆಗಲೂ ಒಂದೊಂದು ಮೀನಿನ ಚಟುವಟಿಕೆಯ ಮಟ್ಟ ಬೇರೆಯೇ ಆಗಿತ್ತು ಮತ್ತು ಆ ವ್ಯತ್ಯಾಸ ಸ್ಥಿರವಾಗಿತ್ತು. ಅದೇ ಮೀನಿನ ಮೇಲೆ 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಈ ಭಿನ್ನತೆ ಬದುಕಿನ ಮೊದಲ ದಿನವೇ ಕಾಣಿಸಿಕೊಂಡು ಮುಂದಿನ ವಾರಗಳಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ ಎಂದು ತೋರಿಸಿತು. ನರಮಂಡಲ ರೂಪುಗೊಳ್ಳುವಾಗಿನ ಆಕಸ್ಮಿಕ ಏರುಪೇರುಗಳು, ಮೊಟ್ಟೆಯೊಳಗೆ ತಾಯಿಯಿಂದ ಬಂದ ಪದಾರ್ಥಗಳ ಅಲ್ಪಸ್ವಲ್ಪ ಹೆಚ್ಚುಕಡಿಮೆ, ಇಂತಹ ಕಾರಣಗಳನ್ನು ಇದಕ್ಕೆ ಊಹಿಸಲಾಗಿದೆ. ನನ್ನ ಮಟ್ಟಿಗೆ ಮೀನಿನ ವರ್ತನೆಯ ಅಧ್ಯಯನದಲ್ಲಿ ಇತ್ತೀಚೆಗೆ ಬಂದ ಅತ್ಯಂತ ಮಹತ್ವದ ಫಲಿತಾಂಶಗಳು ಇವು; ‘ಎಲ್ಲವನ್ನೂ ಒಂದೇ ಮಾಡಿದರೆ ಮೀನುಗಳೂ ಒಂದೇ ಆಗುತ್ತವೆ’ ಎಂಬ ನಮ್ಮ ಹಳೆಯ ನಂಬಿಕೆಯ ಬುಡವನ್ನೇ ಇವು ಅಲುಗಿಸಿವೆ.

ಇನ್ನು ಪ್ರಯೋಗದ ದೋಷದ ಮಾತು. ‘ಒಂದೇ ತೊಟ್ಟಿಯಲ್ಲಿ ಬೆಳೆದವು’ ಎಂದು ಬರೆದಿದ್ದೀರಿ, ಆದರೆ ಒಂದೇ ತೊಟ್ಟಿಯೊಳಗೆ ಎಲ್ಲ ಮೀನುಗಳ ಬದುಕೂ ಒಂದೇ ಅಲ್ಲ. ಜೀಬ್ರಾ ಮೀನುಗಳಲ್ಲಿ ಮೇಲುಕೀಳಿನ ಶ್ರೇಣಿ ಏರ್ಪಡುತ್ತದೆ. ಒಂದು ಆಹಾರದ ಜಾಗವನ್ನು ಕಾಯ್ದುಕೊಂಡರೆ ಇನ್ನೊಂದು ಅದರಿಂದ ಅಟ್ಟಿಸಿಕೊಳ್ಳುತ್ತಲೇ ದಿನ ಕಳೆಯುತ್ತದೆ. ಅವೆರಡನ್ನೂ ನೀವು ಒಂದೇ ಅನುಭವದ ಮೀನುಗಳೆಂದು ಪರಿಗಣಿಸುವಂತಿಲ್ಲ. ಎಲ್ಲಕ್ಕಿಂತ ಮೊದಲು ನಿಮ್ಮ ದಿನಚರಿ ಪುಸ್ತಕದಲ್ಲಿ ಒಂದು ಸಂಗತಿಯನ್ನು ಹುಡುಕಿ ನೋಡಿ: ಬಲೆಯಲ್ಲಿ ಯಾವ ಮೀನು ಎಷ್ಟನೆಯದಾಗಿ ಸಿಕ್ಕಿತು? ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಮೊದಲು ಹಿಡಿದ ಎಂಟು ಮೀನುಗಳನ್ನು ಔಷಧ ಕೊಡದ ನಿಯಂತ್ರಣ ಗುಂಪಿಗೂ ನಂತರದ ಎಂಟನ್ನು ಔಷಧದ ಗುಂಪಿಗೂ ಹಾಕಿಬಿಟ್ಟಿದ್ದೆ. ಕೊನೆಯಲ್ಲಿ ಸಿಕ್ಕ ಮೀನುಗಳು ಬಲೆಯ ಓಡಾಟವನ್ನು ಅಷ್ಟೂ ಹೊತ್ತು ಸಹಿಸಿಕೊಂಡಿದ್ದವು, ಜೊತೆಗೆ ತಪ್ಪಿಸಿಕೊಳ್ಳುವುದರಲ್ಲಿ ಚುರುಕಾಗಿದ್ದುದರಿಂದಲೇ ಕೊನೆಗೆ ಉಳಿದಿದ್ದವು. ಔಷಧದ ಪರಿಣಾಮವೆಂದು ನಾನು ಬರೆದುಕೊಂಡದ್ದು ಬಲೆಯ ಪರಿಣಾಮವಾಗಿತ್ತು. ಆ ಒಂದು ತಿಂಗಳ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಹಿಡಿದ ಕ್ರಮವನ್ನು ಬರೆದಿಡುವುದು, ಗುಂಪುಗಳಿಗೆ ಚೀಟಿ ಎತ್ತಿ ಹಂಚುವುದು, ತೊಟ್ಟಿಯ ನೀರನ್ನು ಪ್ರತಿ ಮೀನಿಗೂ ಬದಲಿಸುವುದು, ಇವಿಷ್ಟನ್ನೂ ತಪ್ಪದೆ ಮಾಡಿ. ನೀರಿನ ಮಾತು ಹೇಳಿದ್ದಕ್ಕೆ ಕಾರಣವಿದೆ: ಗಾಯಗೊಂಡ ಮೀನಿನ ಚರ್ಮದಿಂದ ಹೊರಬರುವ ಪದಾರ್ಥವೊಂದು ಜೊತೆಯ ಮೀನುಗಳಲ್ಲಿ ಭಯ ಹುಟ್ಟಿಸುತ್ತದೆ ಎಂಬುದನ್ನು ಕಾರ್ಲ್ ಫಾನ್ ಫ್ರಿಶ್ 1938ರಲ್ಲೇ ವರದಿ ಮಾಡಿದ್ದರು. ಬಲೆಗೆ ತಾಗಿ ಒಂದು ಮೀನಿನ ಮೈ ತರಚಿದರೂ ಅದೇ ನೀರಿಗೆ ಬರುವ ಮುಂದಿನ ಮೀನಿನ ವರ್ತನೆ ಬದಲಾಗಬಹುದು.

ಪ್ರಶ್ನೆ: ಒಂದು ದಿನ ಹೆದರಿದ ಮೀನನ್ನು ‘ಪುಕ್ಕಲು ಸ್ವಭಾವದ ಮೀನು’ ಎಂದು ಕರೆಯುವುದು ಸರಿಯೇ? ಅದು ಆ ದಿನದ ಸ್ಥಿತಿಯಷ್ಟೇ ಆಗಿರಬಾರದೇಕೆ?

ಉತ್ತರ: ಒಂದೇ ದಿನದ ಅಳತೆಯಿಂದ ಹಾಗೆ ಕರೆಯುವುದು ಖಂಡಿತ ತಪ್ಪು. ಅದೇ ಮೀನನ್ನು ಬೇರೆ ಬೇರೆ ದಿನಗಳಲ್ಲಿ ಮತ್ತೆ ಅಳೆದಾಗ ಅದು ತನ್ನ ಜೊತೆಯವುಗಳಿಗೆ ಹೋಲಿಸಿದರೆ ಮತ್ತೆ ಮತ್ತೆ ಅದೇ ಸ್ಥಾನದಲ್ಲಿ ನಿಂತರೆ ಮಾತ್ರ ಸ್ವಭಾವ ಎಂಬ ಪದವನ್ನು ಬಳಸಬಹುದು. ಇದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಪುನರಾವರ್ತನೀಯತೆ ಎಂಬ ಅಳತೆಯಿದೆ: ವರ್ತನೆಯಲ್ಲಿ ಕಾಣುವ ಒಟ್ಟು ಏರಿಳಿತದಲ್ಲಿ ಎಷ್ಟು ಪಾಲು ಪ್ರಾಣಿ ಪ್ರಾಣಿಗಳ ನಡುವಿನದು ಎಂಬುದನ್ನು ಅದು ಹೇಳುತ್ತದೆ. ಅನೇಕ ಜಾತಿಯ ಪ್ರಾಣಿಗಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಅದರ ಸರಾಸರಿ ಸುಮಾರು 0.37 ಎಂದು ಬಂತು. ಅಂದರೆ ನಾವು ಕಾಣುವ ಏರಿಳಿತದಲ್ಲಿ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ ಆಯಾ ಪ್ರಾಣಿಯ ಸ್ಥಿರ ಗುಣ. ಉಳಿದದ್ದು ಆ ದಿನದ ಹಸಿವು, ಸಮಯ, ಹಿಂದಿನ ಗಂಟೆಯ ಅನುಭವ, ನಮ್ಮ ಅಳತೆಯ ತಪ್ಪು ಎಲ್ಲವೂ ಸೇರಿದ್ದು. ನಿಮ್ಮ ಸಂದೇಹಕ್ಕೆ ಎಷ್ಟು ಆಧಾರವಿದೆಯೋ ‘ಮೀನಿಗೆ ಸ್ವಭಾವವಿದೆ’ ಎಂಬ ಮಾತಿಗೂ ಅಷ್ಟೇ ಆಧಾರವಿದೆ ಎಂದು ಈ ಅಂಕಿಯಿಂದ ನಾನು ಅರ್ಥಮಾಡಿಕೊಂಡಿದ್ದೇನೆ.

ಮತ್ತೆ ಅಳೆಯುವುದರಲ್ಲೂ ಒಂದು ತೊಡಕಿದೆ. ಹೊಸ ತೊಟ್ಟಿ ಎರಡನೆಯ ಬಾರಿ ಹೊಸದಾಗಿರುವುದಿಲ್ಲ. ಆದ್ದರಿಂದ ಪರೀಕ್ಷೆಗಳ ನಡುವೆ ಅಂತರ ಬಿಡುವುದು, ತೊಟ್ಟಿಯ ಆಕಾರ ಬದಲಿಸುವುದು, ಬೆಳಕು ಕತ್ತಲೆಯ ಆಯ್ಕೆಯಂತಹ ಬೇರೊಂದು ಪರೀಕ್ಷೆಯನ್ನು ಜೊತೆಗೆ ಸೇರಿಸುವುದು ರೂಢಿಯಲ್ಲಿದೆ. ಬೆಳೆದ ಜೀಬ್ರಾ ಮೀನು ಕತ್ತಲೆಯ ಭಾಗವನ್ನು ಬಯಸಿದರೆ ಮರಿಗಳು ಬೆಳಕಿನ ಭಾಗವನ್ನು ಬಯಸುತ್ತವೆ ಎಂಬುದನ್ನು ಮರೆಯದೆ ಪರೀಕ್ಷೆಯನ್ನು ರೂಪಿಸಬೇಕು. ಯಾವ ಮೀನು ಯಾವುದೆಂದು ಗುರುತಿಸಲು ಚರ್ಮದಡಿ ಬಣ್ಣದ ಗುರುತು ಸೇರಿಸುವ ವಿಧಾನವಿದೆ. 2014ರಿಂದೀಚೆಗೆ ವಿಡಿಯೊದಲ್ಲೇ ಒಂದೊಂದು ಮೀನಿನ ಗುರುತು ಹಿಡಿದು, ಅವು ಒಂದನ್ನೊಂದು ದಾಟಿದರೂ ಅದಲುಬದಲಾಗದಂತೆ ಹಿಂಬಾಲಿಸುವ ಐಡಿಟ್ರ್ಯಾಕರ್‌ನಂತಹ ತಂತ್ರಾಂಶಗಳೂ ಬಂದಿವೆ. ಗುಂಪಿನಲ್ಲೇ ಬದುಕುವ ಮೀನನ್ನು ಗುರುತಿಗಾಗಿ ಒಂಟಿಯಾಗಿಡುವುದಕ್ಕಿಂತ ಇದು ಮೇಲು, ಏಕೆಂದರೆ ಒಂಟಿತನವೇ ಅದರ ವರ್ತನೆಯನ್ನು ಬದಲಿಸಿಬಿಡುತ್ತದೆ.

ಪ್ರಶ್ನೆ: ಮನುಷ್ಯರಿಗಾದರೆ ತೂಕ ನೋಡಿ ಔಷಧ ಕೊಡುತ್ತಾರೆ. ಮೀನುಗಳಿಗೆ ಒಂದೇ ಪ್ರಮಾಣ ಕೊಟ್ಟಿದ್ದೇವೆ ಎಂದು ಹೇಗೆ ಹೇಳುತ್ತೀರಿ? ಕೊಟ್ಟರೂ ಒಂದಕ್ಕೆ ತಟ್ಟಿ ಇನ್ನೊಂದಕ್ಕೆ ತಟ್ಟದಿರುವುದು ಹೇಗೆ?

ಉತ್ತರ: ಬಹಳ ಸರಿಯಾದ ಜಾಗದಲ್ಲಿ ಕೈಯಿಟ್ಟಿದ್ದೀರಿ. ಮೀನಿಗೆ ಔಷಧವನ್ನು ಹೆಚ್ಚಾಗಿ ನೀರಿನಲ್ಲಿ ಕರಗಿಸಿ ಕೊಡುತ್ತಾರೆ. ನಾವು ಖಚಿತವಾಗಿ ಬಲ್ಲದ್ದು ನೀರಿನಲ್ಲಿ ಎಷ್ಟಿದೆ ಎಂಬುದನ್ನು ಮಾತ್ರ. ಮೀನಿನೊಳಗೆ ಎಷ್ಟು ಸೇರಿತು ಎಂಬುದು ಬೇರೆಯೇ ಪ್ರಶ್ನೆ. ಅದು ಕಿವಿರು ಮತ್ತು ಚರ್ಮದ ಮೂಲಕ ಸೇರುತ್ತದೆ. ಹೆದರಿದ ಮೀನು ಬೇಗ ಬೇಗ ಉಸಿರಾಡುತ್ತದೆ, ಅದರ ಕಿವಿರಿನ ಮೇಲೆ ಹೆಚ್ಚು ನೀರು ಹರಿಯುತ್ತದೆ; ಹೀಗೆ ಸ್ವಭಾವವೇ ಒಳಸೇರುವ ಪ್ರಮಾಣವನ್ನು ಬದಲಿಸುವ ಸಾಧ್ಯತೆಯಿದೆ. ಔಷಧ ಕೊಬ್ಬಿನಲ್ಲಿ ಎಷ್ಟು ಕರಗುತ್ತದೆ, ನೀರಿನ ಆಮ್ಲೀಯತೆ ಎಷ್ಟು, ಮೀನಿನ ಗಾತ್ರವೇನು, ಅದರ ಪಿತ್ತಜನಕಾಂಗದ ಕಿಣ್ವಗಳು ಔಷಧವನ್ನು ಎಷ್ಟು ವೇಗವಾಗಿ ಒಡೆಯುತ್ತವೆ ಎಂಬುವೂ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ‘ಈ ಮೀನಿಗೆ ಔಷಧ ತಟ್ಟಲಿಲ್ಲ’ ಎಂದು ಬರೆಯುವ ಮುನ್ನ ಔಷಧ ಅದರ ಮೆದುಳನ್ನು ತಲುಪಿತ್ತೇ ಎಂದು ಕೇಳಲೇಬೇಕು. ಸಾಧ್ಯವಾದ ಕಡೆ ಅಂಗಾಂಶದೊಳಗಿನ ಪ್ರಮಾಣವನ್ನೇ ಅಳೆಯುವುದು ಇದಕ್ಕೆ ನೇರ ಪರಿಹಾರ.

ಒಳಸೇರಿದ ಪ್ರಮಾಣ ಒಂದೇ ಆಗಿದ್ದರೂ ಪರಿಣಾಮ ಬೇರೆಯಾಗಬಹುದು. ಮದ್ಯಸಾರದ ಉದಾಹರಣೆ ತೆಗೆದುಕೊಳ್ಳಿ. ನೀರಿನಲ್ಲಿ ಶೇಕಡಾ ಅರ್ಧದಷ್ಟು ಮದ್ಯಸಾರವಿದ್ದಾಗ ಜೀಬ್ರಾ ಮೀನಿನ ಓಡಾಟ ಸಾಮಾನ್ಯವಾಗಿ ಹೆಚ್ಚುತ್ತದೆ, ಶೇಕಡಾ 1ಕ್ಕೆ ಬಂದರೆ ಅದು ಮಂಕಾಗುತ್ತದೆ. ರೇಖಾಚಿತ್ರದಲ್ಲಿ ಇದು ಗುಡ್ಡದ ಆಕಾರ. ಗುಡ್ಡದ ನೆತ್ತಿ ಎಲ್ಲ ಮೀನುಗಳಿಗೂ ಒಂದೇ ಜಾಗದಲ್ಲಿ ಇರಬೇಕೆಂದಿಲ್ಲ. ಒಂದು ಮೀನು ಇನ್ನೂ ಏರುತ್ತಿರುವ ಪ್ರಮಾಣದಲ್ಲಿ ಇನ್ನೊಂದು ಆಗಲೇ ಇಳಿಯತೊಡಗಿರಬಹುದು. ಅವೆರಡರ ಸರಾಸರಿ ತೆಗೆದರೆ ‘ಪರಿಣಾಮವಿಲ್ಲ’ ಎಂಬ ಉತ್ತರ ಬರುತ್ತದೆ. ಅದು ಎರಡೂ ಮೀನುಗಳ ಪಾಲಿಗೆ ಸುಳ್ಳು. ಸರಾಸರಿಯನ್ನು ಮಾತ್ರ ಮುದ್ರಿಸಿ ಬಿಡಿ ಬಿಂದುಗಳನ್ನು ಮರೆಮಾಡುವ ಚಿತ್ರಗಳನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ವಾಸ್ತವವಾಗಿ ಔಷಧ ವಿಜ್ಞಾನಕ್ಕೆ ಈ ಸಂಗತಿ ಹೊಸದಲ್ಲ. ಜೆ. ಡಬ್ಲ್ಯು. ಟ್ರೆವನ್ 1927ರಲ್ಲಿ ವಿಷದ ತೀವ್ರತೆಯನ್ನು ಅಳೆಯಲು ಅರ್ಧದಷ್ಟು ಪ್ರಾಣಿಗಳು ಸಾಯುವ ಪ್ರಮಾಣವನ್ನು ಗುರುತಿಸಬೇಕೆಂದು ಸೂಚಿಸಿದ್ದು, ಎಲ್ಲ ಪ್ರಾಣಿಗಳೂ ಒಂದೇ ಪ್ರಮಾಣಕ್ಕೆ ಸಾಯುವುದಿಲ್ಲ ಎಂಬ ಕಾರಣಕ್ಕೇ. ಇಂದು ಮೀನುಗಳ ಮೇಲೆ ರಾಸಾಯನಿಕಗಳನ್ನು ಪರೀಕ್ಷಿಸುವವರು ಪ್ರತಿದಿನ ಬಳಸುವ ಆ ಅಂಕಿಯ ಹುಟ್ಟಿನಲ್ಲೇ ಬಿಡಿ ಜೀವಿಗಳ ಭಿನ್ನತೆ ಇದೆ.

ಇಲ್ಲೊಂದು ಎಚ್ಚರಿಕೆಯನ್ನೂ ಹೇಳಬೇಕು, ಏಕೆಂದರೆ ನನ್ನ ಕೈಗೆ ಬರುವ ವಿದ್ಯಾರ್ಥಿ ಪ್ರಬಂಧಗಳಲ್ಲಿ ಈ ತಪ್ಪು ಬಹಳ ಕಾಣುತ್ತದೆ. ನಲವತ್ತು ಮೀನುಗಳನ್ನು ಪರೀಕ್ಷಿಸಿ, ಅತಿ ಹೆಚ್ಚು ಹೆದರಿದ ಹತ್ತನ್ನು ಆರಿಸಿ, ಅವುಗಳಿಗೆ ಔಷಧ ಕೊಟ್ಟು ಮತ್ತೆ ಅಳೆದರೆ ಅವುಗಳ ಭಯ ಕಡಿಮೆಯಾಗಿರುವುದು ಬಹುತೇಕ ಖಚಿತ. ಔಷಧದ ಬದಲು ಬರಿಯ ನೀರನ್ನು ಕೊಟ್ಟಿದ್ದರೂ ಹಾಗೆಯೇ ಆಗುತ್ತಿತ್ತು. ಮೊದಲ ದಿನ ಆ ಹತ್ತು ಮೀನುಗಳು ತುದಿಯಲ್ಲಿ ನಿಂತದ್ದಕ್ಕೆ ಅವುಗಳ ಸ್ವಭಾವದಷ್ಟೇ ಆ ದಿನದ ಆಕಸ್ಮಿಕವೂ ಕಾರಣ. ಎರಡನೆಯ ದಿನ ಆಕಸ್ಮಿಕ ಅದೇ ದಿಕ್ಕಿನಲ್ಲಿ ಮರುಕಳಿಸುವುದಿಲ್ಲವಾದ್ದರಿಂದ ಅಂಕಿಗಳು ತಾವಾಗಿಯೇ ನಡುವಿನ ಕಡೆಗೆ ಸರಿಯುತ್ತವೆ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರಗಳಲ್ಲಿ ಕಂಡ ಸಂಗತಿಯೂ ಇದೇ. ‘ಪುಕ್ಕಲು ಮೀನುಗಳಿಗೆ ಔಷಧ ಹೆಚ್ಚು ಕೆಲಸ ಮಾಡುತ್ತದೆ’ ಎಂದು ತೀರ್ಮಾನಿಸಬೇಕಾದರೆ ಅಷ್ಟೇ ಪುಕ್ಕಲಾದ ಇನ್ನೊಂದು ಗುಂಪಿಗೆ ಔಷಧವಿಲ್ಲದೆ ಎರಡು ಬಾರಿ ಪರೀಕ್ಷೆ ಮಾಡಿ ಹೋಲಿಸಬೇಕು. ಇನ್ನೊಂದು ತುದಿಯ ಮಾತೂ ಇದೆ: ಮೊದಲೇ ಹೆಚ್ಚಿನ ಸಮಯವನ್ನು ಮೇಲಿನ ನೀರಿನಲ್ಲಿ ಕಳೆಯುವ ಧೈರ್ಯದ ಮೀನಿಗೆ ಆತಂಕ ತಗ್ಗಿಸುವ ಔಷಧ ಕೊಟ್ಟರೆ ಅದು ಇನ್ನೆಷ್ಟು ಮೇಲೆ ಬಂದೀತು? ಅಲ್ಲಿ ನಮ್ಮ ಅಳತೆಗೋಲು ಮುಗಿದುಹೋಗಿದೆ. ಔಷಧ ಕೆಲಸ ಮಾಡಲಿಲ್ಲ ಎನ್ನಲು ಅದು ಸಾಕ್ಷಿಯಾಗುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲ ತೊಂದರೆಯಿರುವಾಗ ಸಂಪೂರ್ಣವಾಗಿ ಒಂದೇ ರೀತಿಯ ಮೀನುಗಳನ್ನು ತಯಾರಿಸಿ ಬಳಸಬಾರದೇಕೆ?

ಉತ್ತರ: ತಯಾರಿಸಲಾಗಿದೆ. ಓರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಮತ್ತು ಅವರ ಸಹೋದ್ಯೋಗಿಗಳು 1981ರಲ್ಲಿ ಪ್ರಕಟಿಸಿದ್ದು ತದ್ರೂಪಿ ಜೀಬ್ರಾ ಮೀನುಗಳನ್ನು ಪಡೆಯುವ ವಿಧಾನವನ್ನೇ. ಈ ಮೀನು ಪ್ರಯೋಗಾಲಯದಲ್ಲಿ ನೆಲೆಯೂರಿದ್ದರ ಹಿಂದೆ ಅವರ ಶ್ರಮ ದೊಡ್ಡದು. ಆದರೂ ಅಂತಹ ತಳಿಗಳು ದಿನನಿತ್ಯದ ಬಳಕೆಗೆ ಬರಲಿಲ್ಲ. ಕಾಪಾಡುವುದು ಕಷ್ಟ ಎಂಬುದು ಒಂದು ಕಾರಣ. ಅಮೆಜಾನ್ ಮಾಲಿಯ ಫಲಿತಾಂಶದಂತೆ ಭಿನ್ನತೆ ಪೂರ್ತಿ ಹೋಗುವುದೂ ಇಲ್ಲ. ನನಗೆ ಇವೆರಡಕ್ಕಿಂತ ಮುಖ್ಯವಾಗಿ ಕಾಣುವ ಮೂರನೆಯ ಕಾರಣವೆಂದರೆ, ಒಂದೇ ಒಂದು ಬಗೆಯ ಮೀನಿನಲ್ಲಿ ಕೆಲಸ ಮಾಡಿದ ಔಷಧದ ಬಗ್ಗೆ ನಾವು ತಿಳಿದದ್ದು ಆ ಬಗೆಗೆ ಮಾತ್ರ ಸೀಮಿತವಾಗುತ್ತದೆ. ಬಣ್ಣದ ವಿನ್ಯಾಸ ಬದಲಾಗಿರುವ ಲೆಪರ್ಡ್ ಎಂಬ ಬಗೆಯ ಜೀಬ್ರಾ ಮೀನುಗಳು ಸಾಮಾನ್ಯ ಬಗೆಯವುಗಳಿಗಿಂತ ಹೆಚ್ಚು ಆತಂಕ ತೋರುತ್ತವೆ ಎಂದು ವರದಿಯಾಗಿದೆ. ಅದೊಂದನ್ನೇ ಇಟ್ಟುಕೊಂಡು ಕೆಲಸ ಮಾಡಿದ ಪ್ರಯೋಗಾಲಯ ಮತ್ತು ಎಬಿ ತಳಿಯನ್ನು ಇಟ್ಟುಕೊಂಡ ಪ್ರಯೋಗಾಲಯ ಒಂದೇ ಔಷಧದ ಬಗ್ಗೆ ಬೇರೆ ಬೇರೆ ಮಾತು ಹೇಳಿದರೆ ಆಶ್ಚರ್ಯವಿಲ್ಲ. ಎರಡೂ ಸತ್ಯವನ್ನೇ ಹೇಳುತ್ತಿರಬಹುದು. ಒಂದಕ್ಕಿಂತ ಹೆಚ್ಚು ತಳಿಗಳನ್ನು ಬಳಸಿ, ಒಂದೊಂದರೊಳಗಿನ ಹರವನ್ನೂ ವರದಿ ಮಾಡುವುದು ಹೆಚ್ಚು ಪ್ರಾಮಾಣಿಕ ಮಾರ್ಗ.

ಮರಿಗಳ ಮೇಲಿನ ಪ್ರಯೋಗಕ್ಕೂ ಒಂದು ಮಾತು ಸೇರಿಸುತ್ತೇನೆ. 96 ಗುಂಡಿಗಳ ತಟ್ಟೆಯಲ್ಲಿ ಗುಂಡಿಗೊಂದು ಮರಿಯಂತೆ ಇಟ್ಟು ಪರೀಕ್ಷಿಸುವುದರಿಂದ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ವಿಧಾನದಿಂದ ಐದು ಸಾವಿರಕ್ಕೂ ಹೆಚ್ಚು ಸಂಯುಕ್ತಗಳ ಪರಿಣಾಮವನ್ನು ಮರಿಗಳ ನಿದ್ರೆ ಮತ್ತು ಎಚ್ಚರಗಳ ಮೇಲೆ ಪರಿಶೀಲಿಸಿತು. ವಿಧಾನದ ಶಕ್ತಿ ಅಂಥದ್ದು. ಆದರೆ ಒಂದೇ ತಾಯಿಯ ಒಂದೇ ಸೂಲಿನ 48 ಮರಿಗಳನ್ನು 48 ಸ್ವತಂತ್ರ ಸಾಕ್ಷಿಗಳೆಂದು ಎಣಿಸುವಂತಿಲ್ಲ, ಅವು ಒಂದೇ ಮನೆಯವು. ತಟ್ಟೆಯ ಅಂಚಿನ ಗುಂಡಿಗಳಲ್ಲಿ ನೀರು ಬೇಗ ಆವಿಯಾಗುವುದೂ ಉಂಟು. ಬೇರೆ ಬೇರೆ ಜೋಡಿಗಳ ಮರಿಗಳನ್ನು ತಟ್ಟೆಯ ತುಂಬ ಚದುರಿಸಿ ಇಡಿ.

ಪ್ರಶ್ನೆ: ಬಿಡಿ ಮೀನುಗಳ ಭಿನ್ನತೆ ತಿಳಿದರೆ ಮನುಷ್ಯರ ಚಿಕಿತ್ಸೆಗೆ ಪ್ರಯೋಜನವಿದೆಯೇ?

ಉತ್ತರ: ನೇರವಾಗಿ ಒಂದು ಮೀನಿನಿಂದ ಒಬ್ಬ ರೋಗಿಗೆ ಹಾರುವಂತಿಲ್ಲ. ಮನುಷ್ಯನ ವಂಶವಾಹಿಗಳಲ್ಲಿ ಸುಮಾರು ಶೇಕಡಾ 70ಕ್ಕೆ ಜೀಬ್ರಾ ಮೀನಿನಲ್ಲಿ ಕನಿಷ್ಠ ಒಂದು ಸಂವಾದಿ ಇದೆಯೆಂದು 2013ರಲ್ಲಿ ಅದರ ಪೂರ್ಣ ಜೀನೋಮ್ ಪ್ರಕಟವಾದಾಗ ತಿಳಿಯಿತು. ಅದೇ ವರ್ಷ, ಮಕ್ಕಳಲ್ಲಿ ಕಾಣಿಸಿಕೊಳ್ಳುವ ಡ್ರಾವೆ ಸಿಂಡ್ರೋಮ್ ಎಂಬ ತೀವ್ರ ಅಪಸ್ಮಾರಕ್ಕೆ ಸಂವಾದಿಯಾದ ದೋಷವುಳ್ಳ ಮೀನಿನ ಮರಿಗಳ ಮೇಲೆ 320 ಸಂಯುಕ್ತಗಳನ್ನು ಪರೀಕ್ಷಿಸಿ, ಕ್ಲೆಮಿಜೋಲ್ ಎಂಬ ಹಳೆಯ ಅಲರ್ಜಿ ಔಷಧ ಸೆಳವನ್ನು ತಗ್ಗಿಸುತ್ತದೆ ಎಂದು ಕಂಡುಕೊಳ್ಳಲಾಯಿತು. ಇಂತಹ ಶೋಧದಲ್ಲಿ ಸರಾಸರಿ ಪರಿಣಾಮವೇ ಮೊದಲ ಜರಡಿ, ಅದು ಸಹಜ. ಆದರೆ ಒಂದೇ ಖಿನ್ನತೆಯ ಔಷಧ ಒಬ್ಬರಿಗೆ ಒಗ್ಗಿ ಇನ್ನೊಬ್ಬರಿಗೆ ಒಗ್ಗದಿರುವುದು ಏಕೆ ಎಂಬ ಪ್ರಶ್ನೆಯನ್ನು ಮೀನುಗಳಲ್ಲಿ ಕೇಳಬೇಕಾದರೆ, ಔಷಧಕ್ಕೆ ಸ್ಪಂದಿಸದ ಮೀನುಗಳನ್ನು ಬದಿಗೆ ತಳ್ಳದೆ ಅವುಗಳನ್ನೇ ಅಧ್ಯಯನ ಮಾಡಬೇಕಾಗುತ್ತದೆ. ಒತ್ತಡಕ್ಕೆ ಹೆಚ್ಚು ಕಾರ್ಟಿಸಾಲ್ ಸ್ರವಿಸುವ ಮತ್ತು ಕಡಿಮೆ ಸ್ರವಿಸುವ ರೇನ್‌ಬೋ ಟ್ರೌಟ್‌ಗಳನ್ನು ಆರಿಸಿ ಎರಡು ಪ್ರತ್ಯೇಕ ಸಂತತಿಗಳನ್ನು ಬೆಳೆಸಿದ ಕೆಲಸ ಈ ದಾರಿಯಲ್ಲಿ ಬಹಳ ಉಪಯುಕ್ತವಾಗಿದೆ; ಒತ್ತಡವನ್ನು ಎದುರಿಸುವ ರೀತಿಗೆ ವಂಶಪಾರಂಪರ್ಯದ ನೆಲೆಯಿದೆ ಎಂಬುದು ಅದರಿಂದ ಸ್ಪಷ್ಟವಾಯಿತು.

ಪ್ರಶ್ನೆ: ನಾವು ಬಳಸಿದ ಔಷಧಗಳು ಕೊಳಚೆ ನೀರಿನ ಮೂಲಕ ನದಿಗೆ ಸೇರಿ ಮೀನುಗಳ ಸ್ವಭಾವವನ್ನೇ ಬದಲಿಸುತ್ತವೆ ಎಂದು ಓದಿದ್ದೇನೆ. ಇದು ನಿಜವೇ?

ಉತ್ತರ: ನಿಜ. ಸ್ವೀಡನ್ನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆತಂಕ ನಿವಾರಕವಾದ ಆಕ್ಸಜೆಪಾಮ್ ಅನ್ನು ಲೀಟರಿಗೆ 1.8 ಮೈಕ್ರೊಗ್ರಾಂನಷ್ಟು ಅಲ್ಪ ಪ್ರಮಾಣದಲ್ಲಿ ಕೊಟ್ಟಾಗ ಯುರೋಪಿನ ಪರ್ಚ್ ಮೀನುಗಳು ಹೆಚ್ಚು ಓಡಾಡತೊಡಗಿದವು, ಬೇಗ ಬೇಗ ತಿನ್ನತೊಡಗಿದವು, ಗುಂಪಿನಿಂದ ದೂರ ಉಳಿಯತೊಡಗಿದವು.

ನನ್ನನ್ನು ಹೆಚ್ಚು ಕಾಡಿದ್ದು 2021ರಲ್ಲಿ ಪ್ರಕಟವಾದ ಇನ್ನೊಂದು ಕೆಲಸ. ಅದರಲ್ಲಿ ಗಪ್ಪಿ ಮೀನುಗಳನ್ನು ಹಲವು ತಲೆಮಾರುಗಳ ಕಾಲ ಖಿನ್ನತೆಗೆ ಬಳಸುವ ಫ್ಲೂಆಕ್ಸೆಟಿನ್ ಬೆರೆತ ನೀರಿನಲ್ಲಿ ಬೆಳೆಸಿದಾಗ, ಮೀನು ಮೀನಿನ ನಡುವೆ ಚಟುವಟಿಕೆಯಲ್ಲಿದ್ದ ವ್ಯತ್ಯಾಸವೇ ಕುಗ್ಗಿತು. ಅವೆಲ್ಲ ಒಂದರಂತೆ ಇನ್ನೊಂದಾಗತೊಡಗಿದವು. ಸರಾಸರಿಯನ್ನು ಮಾತ್ರ ನೋಡುವ ಪರೀಕ್ಷೆಗೆ ಇಂತಹ ಹಾನಿ ಕಾಣಿಸುವುದೇ ಇಲ್ಲ. ಕೆಲವು ಮೀನುಗಳು ಮುನ್ನುಗ್ಗಿ ಹೊಸ ಆಹಾರ ಹುಡುಕುವುದು, ಕೆಲವು ಅಡಗಿ ಬೇಟೆಗಾರರಿಂದ ಪಾರಾಗುವುದು, ಈ ವೈವಿಧ್ಯದಿಂದಲೇ ಬದಲಾಗುವ ಪರಿಸರದಲ್ಲಿ ಒಂದು ಸಂತತಿ ಉಳಿದುಕೊಳ್ಳುತ್ತದೆ. ಅದನ್ನು ಅಳಿಸುವ ಮಾಲಿನ್ಯವನ್ನು, ಒಂದೂ ಮೀನು ಸಾಯದಿದ್ದರೂ, ನಿರಪಾಯಕಾರಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಪ್ರಶ್ನೆ: ನನ್ನ ಪ್ರಯೋಗದಲ್ಲಿ ಒಂದು ಮೀನು ಉಳಿದೆಲ್ಲವುಗಳಿಗಿಂತ ತೀರ ಬೇರೆಯಾಗಿ ವರ್ತಿಸಿತು. ಅದನ್ನು ಲೆಕ್ಕದಿಂದ ಬಿಟ್ಟರೆ ಫಲಿತಾಂಶ ಸ್ಪಷ್ಟವಾಗುತ್ತದೆ. ಬಿಡಬಹುದೇ?

ಉತ್ತರ: ಫಲಿತಾಂಶ ಸ್ಪಷ್ಟವಾಗುತ್ತದೆ ಎಂಬ ಕಾರಣಕ್ಕೆ ಬಿಡುವಂತಿಲ್ಲ. ಮೊದಲು ಆ ಮೀನಿನ ವಿಡಿಯೊವನ್ನು ಪೂರ್ತಿ ನೋಡಿ. ತಂತ್ರಾಂಶವು ಗಾಜಿನಲ್ಲಿ ಕಂಡ ಪ್ರತಿಬಿಂಬವನ್ನು ಮೀನೆಂದು ಹಿಂಬಾಲಿಸಿರಬಹುದು, ಗಾಳಿಚೀಲದ ತೊಂದರೆಯಿಂದ ಮೀನಿಗೆ ತಳದಿಂದ ಏಳಲು ಆಗದಿರಬಹುದು, ರೆಕ್ಕೆ ಹರಿದಿರಬಹುದು. ಅಂತಹ ಕಾರಣ ಸಿಕ್ಕರೆ, ಮತ್ತು ಅದೇ ಪರೀಕ್ಷೆಯನ್ನು ಉಳಿದೆಲ್ಲ ಮೀನುಗಳಿಗೂ ಅನ್ವಯಿಸಿದ್ದರೆ, ಬಿಟ್ಟ ಸಂಗತಿಯನ್ನು ಪ್ರಬಂಧದಲ್ಲಿ ಬರೆದು ಬಿಡಬಹುದು. ಯಾವ ಮೀನನ್ನು ಬಿಡುತ್ತೇವೆ ಎಂಬ ನಿಯಮವನ್ನು ಪ್ರಯೋಗ ಆರಂಭವಾಗುವ ಮೊದಲೇ ಬರೆದಿಟ್ಟಿದ್ದರೆ ಇನ್ನೂ ಒಳ್ಳೆಯದು. ಮುಂದಿನ ಸಲ ಹಾಗೆ ಮಾಡಿ. ಕಾರಣವೇನೂ ಸಿಗದಿದ್ದರೆ ಆ ಮೀನು ಆರೋಗ್ಯವಾಗಿದ್ದು ತನ್ನ ರೀತಿಯಲ್ಲಿ ವರ್ತಿಸಿದೆ ಎಂದರ್ಥ. ಅದನ್ನು ಸೇರಿಸಿದ ಮತ್ತು ಸೇರಿಸದ ಎರಡೂ ಲೆಕ್ಕಗಳನ್ನು ಕೊಡಿ. ಆ ಮೀನು ಇನ್ನೂ ಬದುಕಿದ್ದರೆ ಅದನ್ನು ಬೇರೆ ಗುರುತು ಮಾಡಿ ಇಟ್ಟುಕೊಳ್ಳಿ. ಔಷಧದ ಅಂಶ ಪೂರ್ತಿ ಹೊರಹೋಗುವಷ್ಟು ದಿನ ಕಾದು, ಎರಡು ಮೂರು ಬಾರಿ ಮತ್ತೆ ಅಳೆದು, ಏನು ಕಂಡಿತೆಂದು ನನಗೆ ಬರೆದು ತಿಳಿಸಿ.